ಆಯಿಗೆ ಧೋತ್ರ ತಂದವರು

ನಮ್ಮ ಮನೆಯಲ್ಲಿ ನನ್ನನ್ನು ಗಂಡಸನ್ನಾಗಿ ಮಾಡುವ ಕೆಲಸ ಬಹಳ ವರ್ಷ ನಡೆಯಿತು. ದೋರನಹಳ್ಳಿಯಲ್ಲಿ ಅಪ್ಪನಿಗೆ ಹತ್ತಿ, ತೊಗರಿ ಬೆಳೆಯುವುದು ಗೊತ್ತಿತ್ತು, ಹೋರಿಯನ್ನು ನೊಗಕ್ಕೆ ಪಳಗಿಸುವುದು ಗೊತ್ತಿತ್ತು. ಅದೇ ಧೈರ್ಯದ ಮೇಲೆ ನನಗೂ ಕೈ ಹಾಕಿದ. ನಾನು ಅಂಗಳ ಗುಡಿಸಿದರೆ ಕಸಬರಿಗೆ ಕಸಿದುಕೊಳ್ಳುತ್ತಿದ್ದ. ರಂಗೋಲಿ ಹಾಕಿದರೆ ಕಾಲಿನಿಂದ ಅಳಿಸುತ್ತಿದ್ದ. ಅಳಿಸಿದ ಮೇಲೆ, ಅಂಗಳ ಬೋಳು ಯಾಕೆ ಬಿಟ್ಟಿದ್ದೀ ಎಂದು ಅವ್ವನನ್ನು ಬಯ್ಯುತ್ತಿದ್ದ. ನನ್ನ ನಡಿಗೆ ತಿದ್ದಲು ಕಾಕಾ ಒಬ್ಬ ನೇಮಕವಾಗಿದ್ದ. ಸಂಜೆಯಾದರೆ ಅವನೇ ಗೋಡೆ ಹಿಡಿದು ನಡೆಯುತ್ತಿದ್ದುದರಿಂದ ಗಂಡಸಿನ ನಡಿಗೆ ಎಂದರೆ ಯಾವುದು ಎನ್ನುವುದು ನನಗೆ ಕೊನೆಗೂ ತಿಳಿಯಲಿಲ್ಲ.

ಪಿಯುಸಿ ಮುಗಿದು ಒಂದು ವರ್ಷ ಮನೆಯಲ್ಲಿ ಕೂತ ಮೇಲೆ ನನ್ನನ್ನು ಕಡೇಚೂರಿನ ಒಂದು ಕಾರ್ಖಾನೆಗೆ ಕಳಿಸಿದರು. ಚೀಲ ಹೊತ್ತರೆ ಹೆಗಲು ಬರುತ್ತದೆ, ಹೆಗಲು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂಬುದು ಮನೆಯವರ ವಿಚಾರ. ಅಲ್ಲಿ ದೇಶದ ಎಲ್ಲ ಮೂಲೆಯಿಂದ ಬಂದ ಕೂಲಿಗಳಿದ್ದರು. ಅವರಿಗೆ ಕನ್ನಡದಲ್ಲಿ ನೀರು ಕೇಳಲು ಬರುತ್ತಿರಲಿಲ್ಲ. ಆದರೆ ನನ್ನನ್ನು ಏನೆಂದು ಕರೆಯಬೇಕು ಎನ್ನುವುದು ಮೊದಲ ದಿನವೇ ಬಂದುಬಿಟ್ಟಿತು. ಆ ಒಂದು ಶಬ್ದಕ್ಕೆ ಎಲ್ಲೂ ದುಭಾಷಿ ಬೇಕಾಗುವುದಿಲ್ಲ. ರಾಷ್ಟ್ರೀಯ ಐಕ್ಯತೆ ನಾನು ಕಣ್ಣಾರೆ ಕಂಡದ್ದು ಕಡೇಚೂರಿನಲ್ಲಿ.

ಅಲ್ಲಿ ನನಗೆ ಜ್ವರ ಹತ್ತಿತು. ತಗಡಿನ ಖೋಲಿಯಲ್ಲಿ ವಾರಗಟ್ಟಲೆ ಬಿದ್ದುಕೊಂಡೆ. ಅಪ್ಪನ ಕಣ್ಣು ತಪ್ಪಿದ ಮೇಲೆ ಉದ್ದ ಬಿಟ್ಟಿದ್ದ ಕೂದಲಿಗೆ ಎಣ್ಣೆ ಇಲ್ಲ, ಬಾಚಣಿಕೆ ಇಲ್ಲ. ಊರಿಗೆ ಬಂದಾಗ ಹಿಂದಲೆಯಲ್ಲಿ ಕೂದಲು ಹಗ್ಗದ ಹಾಗೆ ಹೆಣೆದುಕೊಂಡಿತ್ತು. ಅವ್ವ ಅದನ್ನು ಬಿಡಿಸಲು ಕೂತಳು, ಬಿಡಿಸಲಾಗಲಿಲ್ಲ. ಪಕ್ಕದ ಮನೆಯ ಮುದುಕಿ ಬಂದು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. ಜಡೆ ಬಂದಿದೆ, ಎಲ್ಲಮ್ಮ ಹಿಡಿದಿದ್ದಾಳೆ, ಇನ್ನು ಕತ್ತರಿ ಮುಟ್ಟಿಸಬೇಡಿ ಎಂದಳು.

ಅಂದು ನಮ್ಮ ಮನೆಯವರ ಮುಖದ ಮೇಲೆ ಕಂಡ ನೆಮ್ಮದಿಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಮಗ ಹೆಣ್ಣಿನ ಹಾಗೆ ಆಡುತ್ತಾನೆ ಎಂದರೆ ಊರು ನಗುತ್ತಿತ್ತು. ದೇವಿ ಹಿಡಿದಿದ್ದಾಳೆ ಎಂದರೆ ಅದೇ ಊರು ಕಾಯಿ ಕರ್ಪೂರ ತರುತ್ತದೆ. ನಾನು ಅದೇ ನಾನು, ಸೊಂಟವೂ ಅದೇ. ಕಾರಣ ಮಾತ್ರ ಬದಲಾಗಿತ್ತು. ರಂಗೋಲಿ ಅಳಿಸಿದ ಅಪ್ಪ ನನ್ನ ಹಣೆಗೆ ಭಂಡಾರದ ಅರಿಸಿನ ಹಚ್ಚಿ, ತಪ್ಪಾಯಿತು ತಾಯಿ ಎಂದು ಕಾಲು ಮುಟ್ಟಿದ. ಮುಟ್ಟಿದವನು ಹಾಗೇ ಏಳದೆ, ಈ ಸಲ ತೊಗರಿಗೆ ಹುಳ ಬೀಳದಂತೆ ನೋಡಿಕೋ ಎಂದೂ ಸೇರಿಸಿದ. ದೇವಿ ಹಿಡಿದಳೋ, ಬಾಚಣಿಕೆ ಸಿಗದೆ ಕೂದಲೇ ಒಂದನ್ನೊಂದು ಹಿಡಿಯಿತೋ, ನಾನು ಇವತ್ತಿಗೂ ವಿಚಾರಿಸಲು ಹೋಗಿಲ್ಲ. ಜೀವಮಾನವಿಡೀ ಬೇಡಿದ ಸೀರೆ ಬಾಗಿಲಿಗೆ ಬಂದಾಗ, ಯಾವ ಅಂಗಡಿಯದು ಎಂದು ಯಾರು ಕೇಳುತ್ತಾರೆ?

ಸುರಪುರದಲ್ಲಿ, ಗುಡ್ಡದ ಕೆಳಗಿನ ಓಣಿಯೊಂದರಲ್ಲಿ ಒಬ್ಬ ಮುದಿ ಜೋಗಪ್ಪ ಇದ್ದಳು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟ ನಮ್ಮಂಥವರಿಗೆ ಈ ಸೀಮೆಯಲ್ಲಿ ಜೋಗಪ್ಪ ಎನ್ನುತ್ತಾರೆ. ಸೀರೆ ಒಪ್ಪಿಕೊಂಡರೂ ಹೆಸರಿನ ಕೊನೆಗೆ ಒಂದು ಅಪ್ಪನನ್ನು ಅಂಟಿಸದೆ ಊರಿಗೆ ಸಮಾಧಾನವಿಲ್ಲ. ಆಕೆಯನ್ನು ಮಾತ್ರ ಎಲ್ಲರೂ ಆಯಿ ಎನ್ನುತ್ತಿದ್ದರು. ಎತ್ತರದ ಆಳು, ಗಡಸು ದನಿ, ಉದ್ದ ಬೆರಳು. ಮನೆಯವರು ನನ್ನನ್ನು ಆಕೆಯ ಮುಂದೆ ಕೂರಿಸಿ ಜಡೆಯ ಕಥೆ, ಜ್ವರದ ಕಥೆ ಹೇಳಿದರು. ಆಕೆ ಎಲ್ಲ ಕೇಳಿಸಿಕೊಂಡು, ಅವರನ್ನು ಹೊರಗೆ ಕಟ್ಟೆಯ ಮೇಲೆ ಕೂರಲು ಹೇಳಿ ನನ್ನ ಕಡೆ ತಿರುಗಿದಳು.

"ನಿನಗ ಏನು ಬೇಕಾಗ್ಯಾದವಾ?"

ಅಲ್ಲಿಯವರೆಗೆ ನನಗೆ ಏನಾಗಿದೆ ಎಂದು ಕೇಳಿದವರು ಬಹಳ, ಏನು ಬೇಕು ಎಂದು ಕೇಳಿದವರು ಇರಲಿಲ್ಲ. ಸೀರೆ ಬೇಕು ಎಂದೆ.

"ದೇವರು ಬ್ಯಾಡೇನು?"

"ಅದೂ ಇರ್ಲಿರಿ," ಎಂದೆ.

ಆಯಿ ನಕ್ಕದ್ದಕ್ಕೆ ಹೊರಗೆ ಕೂತಿದ್ದ ಅಪ್ಪ ದೇವಿ ಮೈಮೇಲೆ ಬಂದಳೆಂದು ತಿಳಿದು ಎದ್ದು ನಿಂತನಂತೆ.

ಹೀಗೆ ನಾನು ಆಕೆಯ ಮನೆಯಲ್ಲಿ ಉಳಿದೆ. ಮಂಗಳವಾರ, ಶುಕ್ರವಾರ ಒಂಟಿ ತಂತಿಯ ಚೌಡಿಕೆ ಹಿಡಿದು ಹಾಡುತ್ತ ಹಳ್ಳಿ ತಿರುಗುವುದು, ಉಳಿದ ದಿನ ಮನೆಯ ಕೆಲಸ. ಆಯಿ ನನಗೆ ಹಾಡು ಕಲಿಸುವ ಮೊದಲು ನೆರಿಗೆ ಹಿಡಿಯುವುದನ್ನು ಕಲಿಸಿದಳು. ನೆರಿಗೆ ಸರಿ ಇಲ್ಲದಿದ್ದರೆ ದೇವಿಯೂ ಬೇಸರ ಮಾಡಿಕೊಳ್ಳುತ್ತಾಳೆ ಎನ್ನುತ್ತಿದ್ದಳು. ಕಲಿಸುತ್ತ ಹಳೆಯ ಸಂಗತಿ ಹೇಳುತ್ತಿದ್ದಳು. ನಮ್ಮ ಚರಿತ್ರೆಯನ್ನು ಬರೆದಿಟ್ಟವರು ಯಾರೂ ಇಲ್ಲದ್ದರಿಂದ ಅದು ನೆರಿಗೆಯ ಜೊತೆಗೇ ಕೈಯಿಂದ ಕೈಗೆ ಬಂದಿದೆ.

ನಿಜಾಮರ ಕಾಲದಲ್ಲಿ ಸೀರೆ ಉಟ್ಟು ಬೀದಿಗೆ ಬಂದ ನಮ್ಮಂಥವರನ್ನು ಹಿಡಿಯುವುದಕ್ಕೆ ಕಾನೂನೇ ಇತ್ತಂತೆ. ಅದೇ ಕಾಲದಲ್ಲಿ ಹೈದರಾಬಾದಿನ ದೊಡ್ಡ ಹವೇಲಿಗಳಲ್ಲಿ ಜನಾನಾದ ಬಾಗಿಲು ಕಾಯುವುದಕ್ಕೆ ನಮ್ಮಂಥವರೇ ಬೇಕಾಗಿದ್ದರಂತೆ. ಒಳಗಿದ್ದರೆ ನಂಬಿಗಸ್ತರು, ಹೊರಗೆ ಕಾಲಿಟ್ಟರೆ ಅಪರಾಧಿಗಳು. ಆಯಿಯ ಗುರುವನ್ನು ಒಮ್ಮೆ ಸಂತೆಯಲ್ಲಿ ಒಬ್ಬ ಜಮಾದಾರ ಹಿಡಿದ. ಹೆಣ್ಣೋ ಗಂಡೋ ಎಂದು ಕೇಳಿದ. ಆಕೆ, ಎಲ್ಲಮ್ಮನ್ನ ಕೇಳು ಎಂದಳು. ಚಾವಡಿಯಲ್ಲಿ ಕೂರಿಸಿ ಕೂದಲು ಕತ್ತರಿಸಿದರು. ಮರುದಿನ ಅದೇ ಜಮಾದಾರ ತನ್ನ ಹೆಂಡತಿಯನ್ನು ಹಿಂದಿನ ಬಾಗಿಲಿನಿಂದ ಕರೆತಂದು, ಇವಳಿಗೆ ಮಕ್ಕಳಾಗಿಲ್ಲ, ಉಡಿ ತುಂಬು ಎಂದನಂತೆ. ಆಕೆ ತುಂಬಿದಳೇ ಎಂದು ಕೇಳಿದೆ. ಕೂದಲು ಕತ್ತರಿಸಿದ್ದು ಆ ಹೆಂಗಸಲ್ಲವಲ್ಲ, ತುಂಬಿದಳು ಎಂದು ಆಯಿ ಹೇಳಿದಳು.

ಲೋಕ ನಮ್ಮನ್ನು ದೂರವಿಟ್ಟಿದೆ ಎಂದು ಅಳುವವರು ನಾವು ನಾವೇ ಎಷ್ಟು ದೂರವಿದ್ದೆವು ಎಂಬುದನ್ನೂ ಹೇಳಬೇಕು. ಯಾದಗಿರಿಯಲ್ಲಿ ಹಿಜಡಾಗಳ ಮನೆಯಿತ್ತು. ಅವರದು ಹೈದರಾಬಾದಿನ ಘರಾನಾ, ಮಾತು ದಖನಿ ಉರ್ದು. ಅವರ ನಾಯಕಿ ದಪ್ಪ ಬೆಳ್ಳಿ ಬಳೆಯ ಹೆಂಗಸು. ನಾವು ಬುಟ್ಟಿ ಹೊತ್ತು ಜೋಳ ಬೇಡುವವರೆಂದು ಅವರಿಗೆ ತಾತ್ಸಾರ. ಅವರು ದೇವರ ಹೆಸರಿಲ್ಲದೆ ಚಪ್ಪಾಳೆ ತಟ್ಟುವವರೆಂದು ನಮಗೆ ತಾತ್ಸಾರ. ಬಸ್ ಸ್ಟ್ಯಾಂಡಿನಲ್ಲಿ ನಮ್ಮಿಬ್ಬರನ್ನೂ ಜನ ಒಂದೇ ಶಬ್ದದಿಂದ ಬಯ್ಯುತ್ತಿದ್ದರು. ನಾವು ಮಾತ್ರ ಒಬ್ಬರ ಮನೆಯ ನೀರು ಒಬ್ಬರು ಕುಡಿಯದೆ ಮರ್ಯಾದೆ ಕಾಪಾಡಿಕೊಂಡಿದ್ದೆವು. ಒಂದು ಮದುವೆ ಮನೆಗೆ ಯಾರು ಮೊದಲು ಹೋಗಬೇಕು ಎನ್ನುವುದರ ಮೇಲೆ ಆಯಿಗೂ ಆ ನಾಯಕಿಗೂ ಜಗಳವಾಗಿ ಮಾತು ನಿಂತೇ ಹೋಗಿತ್ತು.

ಆಯಿ ಹುಟ್ಟಿದ್ದು ಶಹಾಪುರದಲ್ಲಿ, ಲಿಂಗ ಕಟ್ಟುವ ಕಿರಾಣಿ ವ್ಯಾಪಾರಿಗಳ ಮನೆಯಲ್ಲಿ. ಅಣ್ಣನ ಮದುವೆಯಾದಾಗ ಹೊಸ ವೈನಿಯ ಸೀರೆ ಉಟ್ಟದ್ದು ಗೊತ್ತಾಗಿ ಅಣ್ಣ ಹೊಡೆದು ಹೊರಗೆ ಹಾಕಿದ. ಆಮೇಲೆ ಅಣ್ಣ ಸತ್ತ, ಅವನ ಮಗ ಅಂಗಡಿಯಲ್ಲಿ ಕೂತ. ಆಯಿ ಆ ಬೀದಿಗೆ ಕಾಲಿಡಲಿಲ್ಲ. ಚೌಡಿಕೆ ಹಿಡಿದು ಶಹಾಪುರಕ್ಕೆ ಹೋದರೆ ಬಳಸು ದಾರಿ ಹಿಡಿಯುತ್ತಿದ್ದೆವು. ಆದರೆ ವೈನಿ ಬರುತ್ತಿದ್ದಳು. ಮೊಣಕಾಲು ನೋವಿಗೆ ಸುರಪುರದಲ್ಲಿ ಒಬ್ಬರು ಔಷಧ ಕೊಡುತ್ತಾರೆಂದು ಮಗನಿಗೆ ಹೇಳಿ, ತಲೆ ತುಂಬ ಸೆರಗು ಹೊದ್ದು, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಇಬ್ಬರು ಮುದುಕಿಯರು ಒಲೆಯ ಮುಂದೆ ಕೂತು ಸತ್ತವರನ್ನೂ ಬದುಕಿದವರನ್ನೂ ಆಡಿಕೊಂಡು ನಗುತ್ತಿದ್ದರು. ಮೊಣಕಾಲು ನೋವು ನಿಜವಾಗಿಯೂ ಕಡಿಮೆಯಾಗುತ್ತಿತ್ತು ಎಂದು ವೈನಿ ಹೇಳುತ್ತಿದ್ದಳು.

ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಮುಂಜಾನೆ, ಆಯಿ ಚಹಾ ಕುಡಿಯುತ್ತ ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಳು. ಚಹಾಕ್ಕೆ ಸಕ್ಕರೆ ಸಾಲದು ಎಂದದ್ದೇ ಕೊನೆಯ ಮಾತು. ಮಹಾತ್ಮರ ಕೊನೆಯ ಮಾತುಗಳನ್ನು ಜನ ಗೋಡೆಯ ಮೇಲೆ ಬರೆಸುತ್ತಾರೆ. ನಾನು ಇದನ್ನು ಎಲ್ಲಿ ಬರೆಸಲಿ? ಓಣಿಯ ಹೆಂಗಸರು ಬಂದು ಅತ್ತರು. ಓಣಿಯ ಹುಡುಗಿಯೊಬ್ಬಳು ಆಯಿಯ ಫೋಟೊ ತನ್ನ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದಳು. ಕುಂಕುಮ, ಮೂಗುಬೊಟ್ಟು, ಮುತ್ತಿನ ಸರದ ಆ ಫೋಟೊ, ಇದು ಯಾರ ಮನೆಯದು ಎಂಬ ಮಾತಿನ ಸಮೇತ, ಎರಡು ತಾಸಿನೊಳಗೆ ಶಹಾಪುರ ತಲುಪಿತು.

ಮಧ್ಯಾಹ್ನಕ್ಕೆ ಒಂದು ಕಾರು ಬಂದು ಓಣಿಯ ಬಾಯಲ್ಲಿ ನಿಂತಿತು. ಅಂಗಡಿಯ ಮಗ ಇಳಿದ. ಆಯಿಯ ಅಣ್ಣನ ಮಗ ಈತ, ಐವತ್ತರ ಆಸುಪಾಸಿನವನು. ಜೊತೆಗೆ ಇಬ್ಬರು ನೆಂಟರು, ಅವರ ಮನೆತನದ ಜಂಗಮ ಅಯ್ಯನವರು, ಹಿಂದಿನ ಸೀಟಿನಲ್ಲಿ ವೈನಿ. ಮಗನ ಕೈಯಲ್ಲಿ ಮಡಿಕೆ ಬಿಚ್ಚದ ಬಿಳಿ ಧೋತ್ರ, ಅಂಗಿ, ಒಂದು ರುಮಾಲು.

ನಮ್ಮ ಕಾಕಾನನ್ನು ಒಯ್ಯಲು ಬಂದಿದ್ದೇವೆ ಎಂದ. ಯಾವ ಕಾಕಾ ಎಂದು ನನಗೆ ನಿಜವಾಗಿಯೂ ಒಂದು ಕ್ಷಣ ತಿಳಿಯಲಿಲ್ಲ. ಬದುಕಿದ್ದಷ್ಟು ದಿನ ಆ ಮನೆಯಲ್ಲಿ ಇಲ್ಲದಿದ್ದ ಕಾಕಾ ಸತ್ತ ಕೂಡಲೇ ಹುಟ್ಟಿದ್ದ.

ಮನುಷ್ಯ ಒರಟನಲ್ಲ. ನನ್ನನ್ನು ರೀ ಹಚ್ಚಿಯೇ ಮಾತಾಡಿಸಿದ. "ನೋಡ್ರಿ, ಮಗಳ ಲಗ್ನ ಗಟ್ಟಿ ಆಗ್ಯಾದ. ಬೀಗರು ಫೋಟೊ ನೋಡ್ಯಾರ. ಗಂಡಸು ಹುಟ್ಯಾನ, ಗಂಡಸಾಗೇ ಹೋಗ್ಲಿ. ಧೋತ್ರ ಉಡಸ್ತೀವಿ, ಮಣ್ಣು ಕೊಡ್ತೀವಿ, ಮುಗೀತು."

ಅವನ ಲೆಕ್ಕಾಚಾರ ನನಗೆ ಅರ್ಥವಾಯಿತು. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಬೀಗರು ಆ ಫೋಟೊವನ್ನೇ ನಂಬುತ್ತಾರೆ. ಧೋತ್ರ ಉಡಿಸಿ ಇನ್ನೊಂದು ಫೋಟೊ ತೆಗೆದರೆ, ಮೊದಲಿನದು ಯಾರೋ ಕಿಡಿಗೇಡಿಗಳು ಮಾಡಿದ್ದು ಎನ್ನಬಹುದು. ಜೀವಮಾನವಿಡೀ ಹೆಂಗಸಾಗಿ ಬಾಳಿದವಳನ್ನು ಅರ್ಧ ತಾಸಿನಲ್ಲಿ ಗಂಡಸನ್ನಾಗಿ ಮಾಡಬೇಕಿತ್ತು. ನಮ್ಮ ಅಪ್ಪನಿಂದ ಅಷ್ಟು ವರ್ಷಗಳಲ್ಲಿ ಆಗದ ಕೆಲಸವಿದು. ಈತನಿಗಿದ್ದ ಒಂದೇ ಅನುಕೂಲವೆಂದರೆ ಆಯಿ ಮಾತಾಡುವಂತಿರಲಿಲ್ಲ.

ನಾನು ಆಗುವುದಿಲ್ಲ ಎಂದೆ. ಆಕೆಗೆ ಹಸಿರು ಸೀರೆ ಉಡಿಸಿ, ಭಂಡಾರ ಹಚ್ಚಿ, ಚೌಡಿಕೆ ಬಾರಿಸಿಕೊಂಡು ಒಯ್ಯುತ್ತೇವೆ ಎಂದೆ. ಅವನು ರಕ್ತ ಸಂಬಂಧ ನಮ್ಮದು ಎಂದ. ರಕ್ತವನ್ನು ನಿಮ್ಮಪ್ಪ ಹೊಡೆದು ಹೊರಗೆ ಹಾಕಿದ್ದನಲ್ಲ ಎಂದೆ. ಅಷ್ಟರಲ್ಲಿ ಯಾದಗಿರಿಯಿಂದ ಒಂದು ಕ್ರೂಸರ್ ಗಾಡಿ ಬಂತು. ಹಿಜಡಾ ಮನೆಯ ನಾಯಕಿ ತನ್ನ ಚೇಲಾಗಳ ಜೊತೆ ಇಳಿದಳು. ಮಾತು ಬಿಟ್ಟಿದ್ದವಳು ನೇರವಾಗಿ ಒಳಗೆ ಹೋಗಿ ಆಯಿಯ ಕಾಲ ಬುಡದಲ್ಲಿ ಕೂತು, ನನ್ನ ಜೊತೆ ಜಗಳಾಡಲು ಇನ್ನು ಯಾರು ಉಳಿದರು ಎಂದು ಗೋಳಾಡಿದಳು. ಆಮೇಲೆ ಕಣ್ಣೊರೆಸಿಕೊಂಡು, ತಾನು ಹೂವಿನ ಚಾದರ ತಂದಿದ್ದೇನೆ, ಮೊದಲು ಅದನ್ನು ಹೊದಿಸಬೇಕು, ಇದು ತಮ್ಮ ರಿವಾಜು ಎಂದಳು. ಸುದ್ದಿ ಕೇಳಿ ಬಂದಿದ್ದ ನಮ್ಮ ಜೋಗಪ್ಪಂದಿರು ಮೊದಲು ಭಂಡಾರ ಎಂದರು. ಅಯ್ಯನವರು ಮೊದಲು ವಿಭೂತಿ ಎಂದರು. ಆಯಿ ಬದುಕಿದ್ದಾಗ ಸೋರುವ ಮಾಳಿಗೆಗೆ ಒಂದು ಬುಟ್ಟಿ ಮಣ್ಣು ಕೊಡದಿದ್ದ ಸಂಪ್ರದಾಯಗಳೆಲ್ಲ ಅಂದು ಸಾಲಾಗಿ ಬಂದು ನಿಂತಿದ್ದವು.

ಕಟ್ಟೆಯ ಮೇಲಿನ ಗಂಡಸರಿಗೂ ಅಭಿಪ್ರಾಯವಿತ್ತು. ಅವರಲ್ಲಿ ಹಿರಿಯನೊಬ್ಬ ಎದ್ದು ಬಂದು ರಾಜಿ ಸೂಚಿಸಿದ. ಒಳಗೆ ಸೀರೆ ಇರಲಿ, ಮೇಲೆ ಧೋತ್ರ ಸುತ್ತಿ, ಎರಡೂ ಕಡೆಯವರಿಗೆ ಸಮಾಧಾನ ಆಗಲಿ ಎಂದ. ಈ ದೇಶದಲ್ಲಿ ನಮ್ಮಂಥವರ ಬಗ್ಗೆ ಎಲ್ಲ ಕಾಲದಲ್ಲೂ ಆದ ತೀರ್ಮಾನವನ್ನೇ ಅವನು ಪುಕ್ಕಟೆಯಾಗಿ ಹೇಳಿದ್ದ. ಅಂಗಡಿಯ ಮಗ ಅದಕ್ಕೂ ಅರೆಮನಸ್ಸಿನಿಂದ ಒಪ್ಪುವವನಿದ್ದ. ಅಯ್ಯನವರು, ಏನಾದರೂ ಲಗೂ ಮಾಡಿರಿ, ಮುದನಾಳದಲ್ಲಿ ಒಂದು ಮನೆ ಪ್ರವೇಶಕ್ಕೆ ಸಂಜೆ ಮುಟ್ಟಬೇಕು ಎಂದರು.

ವೈನಿ ಇಷ್ಟು ಹೊತ್ತೂ ಆಯಿಯ ತಲೆಯ ಬಳಿ ಕೂತಿದ್ದಳು. ಮಗನ ಎದುರು ಆಕೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗೋಡೆ ಹಿಡಿದು ಎದ್ದು ಬಂದು, ಮಗನ ಕೈಯಿಂದ ಧೋತ್ರ ತೆಗೆದುಕೊಂಡಳು. ತಾಯಿ ತನ್ನ ಕಡೆ ಎಂದು ಅವನು ಸುಲಭವಾಗಿ ಕೊಟ್ಟ. ಆಕೆ ಅದನ್ನು ಇನ್ನೊಂದು ಮಡಿಕೆ ಮಡಚಿ ಅವನ ಬಗಲಿಗೇ ಸಿಕ್ಕಿಸಿದಳು.

"ಇದನ್ನ ನೀನೇ ಉಟ್ಕೋ," ಎಂದಳು. "ನಾ ನಿಮ್ಮ ಮನಿಗಿ ಸೊಸಿಯಾಗಿ ಬಂದಾಗ ನನಗ ನೆರಿಗಿ ಹಿಡಿಯಾಕ ಬರ್ತಿರಲಿಲ್ಲ. ಹಿಡಿಯಾಕ ಕಲಿಸಿದಾಕಿ ಈಕಿ. ಆವತ್ತು ಸೀರಿ ಕದ್ದು ಉಟ್ಟಿರಲಿಲ್ಲೋ, ನಾನೇ ಉಡಿಸಿದ್ದೆ. ನಿಮ್ಮಪ್ಪ ಹೊಡಿಯಾಕತ್ತಾಗ ನಾ ಬಾಗಲಾ ಹಿಂದ ನಿಂತು ಬಾಯಿಗಿ ಸೆರಗು ತುರುಕ್ಕೊಂಡೆ."

ಮಗ, ಅವ್ವಾ, ಬೀಗರು ಎಂದು ಏನೋ ಹೇಳಲು ಹೋದ.

"ಬೀಗರಿಗಿ ನಾ ಹೇಳ್ತೇನಿ. ಗಂಡಸರೆಲ್ಲ ಹೊರಗ ನಡೀರಿ. ಹೆಣ್ಣಮಕ್ಕಳ ಮೈ ತೊಳಿಯಾಗ ನಿಮಗೇನು ಕೆಲಸ?"

ಗಂಡಸರು ಹೊರಗೆ ಹೋದರು. ಅಯ್ಯನವರೂ ಹೋದರು. ನಾನು ಮತ್ತು ಯಾದಗಿರಿಯ ನಾಯಕಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೋಗಬೇಕೋ ಇರಬೇಕೋ ಎಂಬ ಅನುಮಾನ ನಮಗೆ ಬಂದದ್ದು ಹಳೆಯ ರೂಢಿಯಿಂದ. ವೈನಿ ನಮ್ಮಿಬ್ಬರಿಗೂ, ನೀರು ಕಾಯಿಸ್ರಿ ಎಂದಳು. ನಾಯಕಿ ಬೆಳ್ಳಿ ಬಳೆ ಮೇಲೆ ಸರಿಸಿ ಒಲೆ ಊದಿದಳು. ಅವಳು ನಮ್ಮ ಮನೆಯ ನೀರು ಮುಟ್ಟಿದ್ದು ಅದೇ ಮೊದಲು.

ಹಸಿರು ಇಳಕಲ್ ಸೀರೆ ತೆಗೆದುಕೊಟ್ಟೆ. ನಾನು ಸೆರಗು ಹಿಡಿದೆ, ವೈನಿ ನೆರಿಗೆ ಹಿಡಿದಳು. ಒಂದು ಅಗಲ, ಒಂದು ಸಣ್ಣ ಆಯಿತು. ಬಿಚ್ಚಿ ಮತ್ತೆ ಹಿಡಿದಳು. ಮತ್ತೆ ಹಾಗೇ ಆಯಿತು. ಎದ್ದು ಬೈದುಬಿಡು ನೋಡೋಣ ಎಂದು ಆಯಿಯ ಗಲ್ಲ ಸವರಿ ಅತ್ತಳು. ನಾನು ಬೆಳಗಿನಿಂದ ಅತ್ತಿರಲಿಲ್ಲ, ಜಗಳದಲ್ಲಿ ಪುರುಸೊತ್ತೇ ಸಿಕ್ಕಿರಲಿಲ್ಲ. ಆಗ ಅತ್ತೆ.

ಸೀರೆ ಉಡಿಸಿ ಕೂರಿಸಿದ್ದ ಆಯಿಯನ್ನು ನೋಡಿ ಅಯ್ಯನವರು ಏನು ಹೇಳುತ್ತಾರೋ ಎಂದು ಅಂಜಿಕೆಯಿತ್ತು. ಅವರು ಒಳಗೆ ಬಂದು, ಲಿಂಗಕ್ಕೆ ಸೀರೆ ಯಾವುದು ಧೋತ್ರ ಯಾವುದು ಏನು ಗೊತ್ತು ಎಂದು ವಿಭೂತಿ ಹಚ್ಚಿದರು. ಅದು ತತ್ವವೋ, ಮುದನಾಳದ ಅವಸರವೋ ತಿಳಿಯಲಿಲ್ಲ. ಒಳ್ಳೆಯ ಕೆಲಸದ ಕಾರಣ ಕೆದಕಬಾರದು. ವಿಭೂತಿಯ ಮೇಲೆ ಭಂಡಾರ ಬಿತ್ತು, ಭಂಡಾರದ ಮೇಲೆ ಹೂವಿನ ಚಾದರ ಬಿತ್ತು. ಚೌಡಿಕೆಯ ಹಿಂದೆ ಹಿಜಡಾಗಳು ನಡೆದರು. ಅಂಗಡಿಯ ಮಗ ಒಂದು ಕಡೆ ಹೆಗಲು ಕೊಟ್ಟ. ಬಗಲಲ್ಲಿ ಧೋತ್ರ ಇದ್ದುದರಿಂದ ಕೈ ಬದಲಿಸಲು ಕಷ್ಟಪಡುತ್ತಿದ್ದ, ಆದರೂ ಗುಂಡಿಯವರೆಗೆ ಇಳಿಸಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು. ಎಲ್ಲವೂ ಬೀಗರ ಚಿಂತೆಯಿಂದಲೇ ಇರಲಿಕ್ಕಿಲ್ಲ.

ಆಮೇಲೆ ನಮ್ಮ ಕಾಲವೂ ಬದಲಾಗಿದೆ ಎಂದು ಹೇಳುತ್ತಾರೆ. ಕಳೆದ ವರ್ಷ ಯಾದಗಿರಿಯಲ್ಲಿ ಒಂದು ಕಾರ್ಯಕ್ರಮಕ್ಕೆ ನನ್ನನ್ನೂ ಆ ನಾಯಕಿಯನ್ನೂ ಕರೆದು ಶಾಲು ಹೊದಿಸಿದರು. ಭಾಷಣ ಮಾಡಿದವರು ನಮ್ಮನ್ನು ಮೊದಲು ಮಂಗಳಮುಖಿ ಎಂದರು, ಆಮೇಲೆ ತೃತೀಯ ಲಿಂಗಿ ಎಂದರು, ಯಾರೋ ಕಿವಿಯಲ್ಲಿ ಉಸುರಿದ ಮೇಲೆ ಲಿಂಗತ್ವ ಅಲ್ಪಸಂಖ್ಯಾತರು ಎಂದು ತಿದ್ದಿಕೊಂಡರು. ಇವರದು ಸಾವಿರಾರು ವರ್ಷಗಳ ಸಂಸ್ಕೃತಿ, ಪುರಾಣಗಳಲ್ಲೇ ಇದ್ದಾರೆ ಎಂದಾಗ ಚಪ್ಪಾಳೆ ಬಿತ್ತು. ಭಾಷಣ ಉದ್ದವಾಗಿ ನಮಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಎರಡೇ ಬಾಗಿಲು. ಹೆಂಗಸರ ಬಾಗಿಲಲ್ಲಿದ್ದ ಆಯಾ ನಮ್ಮನ್ನು ಬಿಡಲಿಲ್ಲ, ಗಂಡಸರ ಬಾಗಿಲಿಗೆ ನಾವು ಹೋಗಲಿಲ್ಲ. ಪುರಾಣದಿಂದ ಬಂದ ಸಂಸ್ಕೃತಿ ಶಾಲು ಸಮೇತ ಆಟೊ ಹಿಡಿದು ನಾಯಕಿಯ ಮನೆಗೆ ಹೋಗಿ ಬಂತು. ಅಲ್ಲೇ ನೀರು ಕುಡಿದು, ಚಹಾನೂ ಕುಡಿದು ಬಂದೆವು. ಅಷ್ಟರಲ್ಲಿ ಭಾಷಣ ಮುಗಿದಿತ್ತು.

ಆಯಿ ಹೋದ ಮೇಲೂ ಅಂಗಡಿಯ ಮಗನ ಮಗಳ ಲಗ್ನ ನಿಲ್ಲಲಿಲ್ಲ. ಬೀಗರಿಗೆ ವೈನಿ ತಾನೇ ಫೋನು ಮಾಡಿ ಎಲ್ಲ ಹೇಳಿದಳಂತೆ. ಅವರು, ನಿಮ್ಮ ಮನೆತನದಲ್ಲಿ ಎಲ್ಲಮ್ಮನ ಅಂಶ ಇದೆ ಎಂದು ಮೊದಲೇ ಯಾಕೆ ಹೇಳಲಿಲ್ಲ, ನಮ್ಮ ಹುಡುಗನ ಪುಣ್ಯ ಎಂದರಂತೆ. ಯಾವ ಬೀಗರ ಅಂಜಿಕೆಗೆ ಆಯಿಗೆ ಧೋತ್ರ ಬಂದಿತ್ತೋ ಅವರಿಗೆ ಆಯಿಯ ಶಿಷ್ಯೆಯಿಂದ ಮದುಮಗಳ ಉಡಿ ತುಂಬಿಸಬೇಕಿತ್ತು. ಅಂಗಡಿಯ ಮಗ ಫೋನು ಮಾಡಿ ಕರೆದ. ದನಿಯಲ್ಲಿ ಸಂಕೋಚ ಬಹಳವಿತ್ತು.

"ಬರ್ರಿ," ಎಂದ. "ನಮ್ಮ ಆಯಿ ಇದ್ದಿದ್ರ ಅವರನ್ನೇ ಕರೀತಿದ್ದೆ."

ಕಾಕಾ ಎಂದು ಹೇಳದೆ ಆಯಿ ಎಂದದ್ದನ್ನು ಅವನು ಗಮನಿಸಿದನೋ ಇಲ್ಲವೋ. ನಾನು ಹೋದೆ. ಉಡಿ ತುಂಬಿದೆ. ಬೀಗರ ಕಡೆಯ ಹೆಂಗಸರು ಕಾಲು ಮುಟ್ಟಿದರು, ಅವರ ಗಂಡಂದಿರು ದೂರದಿಂದ ಕೈ ಮುಗಿದರು. ಊಟಕ್ಕೆ ನನ್ನನ್ನು ಎಲ್ಲಿ ಕೂರಿಸಬೇಕೆಂದು ಬಡಿಸುವವರಲ್ಲಿ ಗುಸುಗುಸು ನಡೆದಿತ್ತು. ಒಬ್ಬನು ಪ್ರತ್ಯೇಕ ಕುರ್ಚಿ ಹಾಕಿಸಲು ಹೊರಟಿದ್ದ. ವೈನಿ ಹೆಂಗಸರ ಪಂಕ್ತಿಯಲ್ಲಿ ಕೂತಿದ್ದವಳು ಪಕ್ಕಕ್ಕೆ ಸರಿದು ಜಾಗ ಮಾಡಿ ನನ್ನ ಸೆರಗು ಹಿಡಿದು ಜಗ್ಗಿದಳು. ಕೂತೆ. ಎದುರಿನ ಸಾಲಿನ ಇಬ್ಬರು ಎದ್ದುಹೋದರು, ಉಳಿದವರು ಊಟ ಮಾಡಿದರು. ಹೋಳಿಗೆಗೆ ತುಪ್ಪ ಧಾರಾಳವಾಗಿತ್ತು. ಇನ್ನೊಂದು ಹಾಕಿಸಿಕೊಂಡೆ.